ಕೆಂಚನ ವಂಶದ ಕಾಗದ

ಸುದ್ದಗುಂಟೆಪಾಳ್ಯ,
11 ಫೆಬ್ರವರಿ 2025, ಮಂಗಳವಾರ

ಮಗಳೇ ಅರ್ಪಿತ,

ನಿನಗೂ ನಿನ್ನ ಹೊಟ್ಟೆಯಲ್ಲಿರುವ ಕೂಸಿಗೂ ಅಪ್ಪನ ಆಶೀರ್ವಾದ. ಐದು ತಿಂಗಳು ತುಂಬಿತೆಂದು ನಿನ್ನಮ್ಮ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದಾಳೆ. ವಾಂತಿ ನಿಂತಿತೇ? ಕಾಲು ಊದಿದರೆ ನಿಂತು ಪಾಠ ಮಾಡಬೇಡ, ಕುರ್ಚಿ ಕೇಳು. ಕೊಡದಿದ್ದರೆ ಹೇಳು, ಬಾಡಿಗೆಯವರು ಬಿಟ್ಟುಹೋದವು ನಮ್ಮಲ್ಲಿ ಆರಿವೆ. ಅಳಿಯ ರಘುವಿನ ಟೈಲ್ಸ್ ಅಂಗಡಿ ಚೆನ್ನಾಗಿ ನಡೆಯುತ್ತಿದೆ ಎಂದು ಕೇಳಿ ಸಂತೋಷವಾಯಿತು.

ಫೋನಿರುವಾಗ ಅಪ್ಪ ಕಾಗದ ಬರೆದಿದ್ದೇಕೆ, ಅದನ್ನೂ ಮಂಡ್ಯದ ಮನೆಗೆ ಹಾಕದೆ ಕಾಲೇಜಿಗೆ ಹಾಕಿದ್ದೇಕೆ ಎಂದು ನಿನಗೆ ಗಾಬರಿಯಾಗಬಹುದು. ನಿನ್ನತ್ತೆ ನನ್ನ ಒಡಹುಟ್ಟಿದ ತಂಗಿಯೇ ಆದರೂ, ಯಾರ ಫೋನು ಬಂದರೂ "ಸ್ಪೀಕರ್ ಹಾಕವ್ವ, ನಾನೂ ಮಾತಾಡ್ತೀನಿ" ಅನ್ನುವವಳು. ನಾನೇ ಬಂದರೆ ಅಣ್ಣ ಬಂದನೆಂದು ಪಕ್ಕ ಬಿಟ್ಟು ಏಳುವುದಿಲ್ಲ. ಈ ವಿಷಯ ಮೊದಲು ನೀನೊಬ್ಬಳೇ ಓದಬೇಕು. ಕೂತುಕೊಂಡು ಓದು.

ನಮ್ಮ ಕೆಂಚನಿಗೆ ಕಣ್ಣು ಹೋಗುತ್ತಿದೆ. ಒಂದೂವರೆ ವರ್ಷದ ಹಿಂದೆ ಜೆ.ಪಿ. ನಗರದಲ್ಲಿ ನಾಯಿಮರಿ ಮಾರುವ ಶಶಿಕಾಂತನಿಂದ ಆ ಮರಿ ತಂದಾಗ ನೀನು ಹೇಳಿದ್ದೆ, "ಪೇಪರ್ ಇಲ್ದೆ ತಗೋಬೇಡಪ್ಪ, ಅದರ ಅಪ್ಪ ಅಮ್ಮ ಯಾರು ಅಂತ ಗೊತ್ತಾಗ್ಬೇಕು." ನಾನು ನಕ್ಕು, "ನಾಯಿಗೇನು ಪಾಸ್‌ಪೋರ್ಟ್ ಮಾಡಿಸ್ಬೇಕಾ" ಅಂದೆ. ಪೇಪರ್ ಬೇಡವೆಂದರೆ ಹನ್ನೆರಡು ಸಾವಿರ ಕಡಿಮೆ ಅಂದ ಅವನು. ಮೂವತ್ತು ವರ್ಷದ ಋಣಭಾರದ ಇ.ಸಿ. ತೆಗೆಸದೆ, ಮೂಲಪತ್ರ ನೋಡದೆ ಒಂದಡಿ ಜಾಗ ಕೊಳ್ಳದ ನಾನು, ಇಪ್ಪತ್ತು-ಅರವತ್ತರ ಸೈಟಿನ ಹಾಗೆ ಅಗಲವಿಲ್ಲದ, ಬರೀ ಉದ್ದವಿರುವ ಡ್ಯಾಶ್‌ಹೌಂಡ್ ಮರಿಯನ್ನು ಬಾಯಿಮಾತಿನ ಮೇಲೆ ಮನೆಗೆ ತಂದೆ. ಚೌಕಾಸಿಯಲ್ಲಿ ಗೆದ್ದೆನೆಂದು ಆ ದಿನ ನಿನ್ನಮ್ಮನಿಗೆ ಮೈಸೂರ್‌ಪಾಕ್ ಬೇರೆ ತಂದಿದ್ದೆ.

ಕಳೆದ ತಿಂಗಳಿನಿಂದ ಅದು ದೀಪ ಹಚ್ಚುವ ಹೊತ್ತಾದರೆ ಮೆಟ್ಟಿಲ ಹತ್ತಿರ ನಿಂತುಬಿಡುತ್ತಿತ್ತು. ಒಂದು ಕಾಲು ಮುಂದಿಟ್ಟು ತಡವುವುದು, ಹಿಂದೆ ತೆಗೆಯುವುದು. ಸೋಮಾರಿಯಾಗಿದೆ ಎಂದು ನಿನ್ನಮ್ಮ ಬೈದಳು. ನಾನು ಮಾತ್ರ ಅದನ್ನು ಎತ್ತಿಕೊಂಡು ನಾಯಿ ಡಾಕ್ಟರ ಹತ್ತಿರ ಓಡಿದೆ. ಜಯನಗರದ ಡಾಕ್ಟರ್ ಶರ್ವಾಣಿ ಕಣ್ಣಿಗೆ ಬೆಳಕು ಬಿಟ್ಟು ನೋಡಿ, "ಅಂಕಲ್, ಮೊದಲು ರಾತ್ರಿ ಕಾಣಲ್ಲ, ಆಮೇಲೆ ಹಗಲೂ ಹೋಗುತ್ತೆ. ಔಷಧಿ ಇಲ್ಲ. ಇದು ವಂಶದಲ್ಲೇ ಬಂದಿರೋದು ಅನ್ಸುತ್ತೆ, ತಂದೆ ತಾಯಿ ಪೇಪರ್ ಇದ್ಯಾ?" ಅಂದರು. ಮೂರೂವರೆ ದಶಕ ಸೈಟು ಕೊಳ್ಳುವ ಊರವರಿಗೆಲ್ಲ ಪೇಪರ್ ಪೇಪರ್ ಎಂದು ಬುದ್ಧಿ ಹೇಳಿದವನು ಆ ಹುಡುಗಿಯ ಮುಂದೆ ತಲೆ ಕೆರೆದುಕೊಂಡು ಕೂತೆ.

ಅಲ್ಲಿಂದ ನೇರ ಶಶಿಕಾಂತನ ಮನೆಗೆ ಹೋಗಿ, ಕಾಗದ ತೋರಿಸುವ ತನಕ ಏಳುವುದಿಲ್ಲ ಎಂದು ಸೋಫಾ ಹಿಡಿದೆ. ಎರಡು ಕಾಫಿ ಆದಮೇಲೆ ತಂದ. ಕೆಂಚನನ್ನು ಹುಟ್ಟಿಸಿದ ಗಂಡುನಾಯಿಯದ್ದು ಒಂದು, ಹೆತ್ತ ಹೆಣ್ಣಿನದ್ದು ಒಂದು. ಅಪ್ಪ, ಅಜ್ಜ, ಮುತ್ತಜ್ಜ ಎಂದು ಕವಲು ಕವಲಾಗಿ ಹೆಸರುಗಳು, ನಮ್ಮ ವಂಶವೃಕ್ಷದ ಅಫಿಡವಿಟ್ ಇದ್ದ ಹಾಗೆ. ಎರಡರಲ್ಲೂ ಅಪ್ಪನ ಜಾಗದಲ್ಲಿ ಒಂದೇ ಹೆಸರಿತ್ತು. ಆ ಮುದಿ ನಾಯಿಗೂ ಕೊನೆಗೆ ಕಣ್ಣು ಹೋಗಿತ್ತಂತೆ. "ಒಳ್ಳೆ ಲೈನು ಅಂಕಲ್, ಹೊರಗೆ ಹೋಗ್ಬಾರ್ದು ಅಂತ ಮನೆಯೊಳಗೇ ಕೂಡಿಸ್ದೆ. ಪೇಪರ್ ಕೊಟ್ರೆ ಓದೋರು ಮರಿ ಬಿಟ್ಟು ಹೋಗ್ತಾರೆ. ಅದಕ್ಕೇ ನಿಮಗೆ ರೇಟ್ ಇಳಿಸಿದ್ದು" ಅಂದ, ಏನೋ ಉಪಕಾರ ಮಾಡಿದವನಂತೆ. ನಾನು ಗೆದ್ದ ಚೌಕಾಸಿ ಅದು. ಬಾಯಿಗೆ ಬಂದಂತೆ ಬೈಯೋಣವೆಂದು ಎದ್ದವನು ಮತ್ತೆ ಕೂತೆ. ಯಾಕೆಂದರೆ, "ಹೊರಗೆ ಹೋಗ್ಬಾರ್ದು, ಮನೆಯೊಳಗೇ ಇರ್ಲಿ" ಎಂಬ ಮಾತನ್ನು ನಿನ್ನ ಮದುವೆ ಮಾತಾಡುವಾಗ ನಾನೇ ಆಡಿದ್ದೆ. ತಲಘಟ್ಟಪುರದ ಒಂದೂಕಾಲು ಎಕರೆ ಎರಡು ಭಾಗವಾಗದಿರಲಿ ಎಂದು ನಿನ್ನನ್ನು ನನ್ನ ತಂಗಿಯ ಮಗನಿಗೆ ಕೊಟ್ಟೆ.

ಮನೆಗೆ ಬಂದು ಡಾಕ್ಟರ ಚೀಟಿಯ ಹಿಂದೆ ಅದೇ ರೀತಿ ಬರೆದು ನೋಡಿದೆ. ಮೇಲೆ ನಿನ್ನ ಮಗು. ಅದರ ಕೆಳಗೆ ನೀನು, ರಘು. ನಿನ್ನ ಕೆಳಗೆ ನಾನು, ರಘುವಿನ ಕೆಳಗೆ ನನ್ನ ತಂಗಿ. ಎರಡು ಗೆರೆಯೂ ಹೋಗಿ ಮುಟ್ಟಿದ್ದು ನಿನ್ನ ತಾತನನ್ನು. ಆತ ಮದುವೆಯಾದದ್ದೂ ಸ್ವಂತ ಅಕ್ಕನ ಮಗಳನ್ನೇ. ತಾತನಿಗೆ ಸಕ್ಕರೆ ಕಾಯಿಲೆಯಿಂದ ಕಣ್ಣು ಹೋಯಿತೆಂದು ನಿಮಗೆಲ್ಲ ಹೇಳಿದ್ದೆವು. ಸುಳ್ಳು ಮಗಳೇ. ಅವರು ಕೊನೆಯ ತನಕ ಕಾಫಿ ಲೋಟಕ್ಕೆ ಎರಡು ಚಮಚ ಬೆಲ್ಲ ಹಾಕಿಕೊಂಡು ಕುಡಿದವರು. ಅವರಿಗಿದ್ದದ್ದು ಇರುಳುಗಣ್ಣು. ಮೂವತ್ತೈದಕ್ಕೆ ಸಂಜೆ ಹೋಯಿತು, ಐವತ್ತೈದಕ್ಕೆ ಹಗಲು. ಹೊತ್ತು ಮುಳುಗುವ ಮುಂಚೆ ಹೊಲಕ್ಕೆ ಹೋಗಿ ಅವರ ಕೈ ಹಿಡಿದು ತರುವುದು ನನ್ನ ಮತ್ತು ತಂಗಿಯ ಸರದಿ. ಯಾರಿಗೂ ಹೇಳಬಾರದು, ಹೆಣ್ಣು ಕೊಡುವುದಿಲ್ಲ ತರುವುದಿಲ್ಲ ಎಂದು ನಮ್ಮವ್ವ ಬಾಯಿ ಮುಚ್ಚಿಸಿದ್ದಳು. ಅದೇ ಅಭ್ಯಾಸವಾಯಿತು. ನಿನ್ನ ಜಾತಕ ಮೂರು ಕಡೆ ತೋರಿಸಿದೆ, ಇದನ್ನು ಯಾರಿಗೂ ತೋರಿಸಲಿಲ್ಲ.

ನಾಯಿಯ ಡಾಕ್ಟರನ್ನೇ ಸುತ್ತಿ ಬಳಸಿ ಕೇಳಿದೆ, ಮನುಷ್ಯರಲ್ಲೂ ಹೀಗೇನಾ ಎಂದು. "ಇರಬಹುದು ಅಂಕಲ್, ಎಲ್ಲರಿಗೂ ಬರಲೇಬೇಕು ಅಂತಿಲ್ಲ. ರಕ್ತ ಪರೀಕ್ಷೆ ಮಾಡೋರಿದಾರೆ, ಅವರನ್ನೇ ಕೇಳ್ಬೇಕು" ಅಂದರು. ಬರಲೇಬೇಕು ಅಂತಿಲ್ಲ ಎಂಬ ಮಾತನ್ನು ಹಿಡಿದುಕೊಂಡು ಎಂಟು ದಿನ ಕಳೆದೆ. ಊಟ ಸೇರುವುದಿಲ್ಲ. ಫೋನು ಹೊಡೆದರೆ ನಿನ್ನಮ್ಮನ ಕೈಗೆ ಕೊಡುತ್ತೇನೆ. ನಿನಗೆ ಈ ಸ್ಥಿತಿಯಲ್ಲಿ ಹೇಳಬಾರದು ಎಂದು ಒಂದು ಮನಸ್ಸು. ಹೇಳದಿದ್ದರೆ ನನಗೂ ಶಶಿಕಾಂತನಿಗೂ ಏನು ವ್ಯತ್ಯಾಸ ಎಂದು ಇನ್ನೊಂದು. ರಘುವಿಗೆ ಹೇಳು, ಅವನು ತಿಳಿದವನು. ಇಬ್ಬರೂ ಹೋಗಿ ಪರೀಕ್ಷೆ ಮಾಡಿಸಿ. ನಿನ್ನತ್ತೆ ಅತ್ತು ಕರೆದು ರಂಪ ಮಾಡಿದರೆ ಈ ಕಾಗದ ಅವಳ ಕೈಗೆ ಕೊಡು, ಅಣ್ಣನ ಅಕ್ಷರ ಅವಳಿಗೆ ಗೊತ್ತು.

ಕೆಂಚ ಆರಾಮವಾಗಿದ್ದಾನೆ, ಮೂಗಿನಲ್ಲೇ ಮನೆಯೆಲ್ಲ ಅಳೆದುಕೊಂಡಿದ್ದಾನೆ. ಅವನನ್ನು ಯಾರಿಗೂ ಕೊಡುವುದಿಲ್ಲ. ದೇವರು ನಿನ್ನ ಮಡಿಲು ತಣ್ಣಗಿಟ್ಟಿರಲಿ. ರಘುವಿಗೂ ತಂಗಿಗೂ ನನ್ನ ನೆನಪು ತಿಳಿಸು.

ನಿನ್ನ ಅಪ್ಪ,
ಚಿಕ್ಕಬೈರಪ್ಪ

ವಿ.ಸೂ.: ಕವರು ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ತಾತನ ವಿಷಯ ಮಾತ್ರ ಬರೆದು ಜಾಣನಾಗಲು ನೋಡಿದೆ. ಡಾಕ್ಟರು ಮನೆಯಲ್ಲಿ ಇನ್ಯಾರಿಗಿದೆ ಎಂದು ಕೇಳಿದರೆ ಅಪ್ಪನಿಗೂ ಇದೆ ಎಂದು ಹೇಳು. ನಿನ್ನ ನಿಶ್ಚಿತಾರ್ಥದ ಸಂಜೆ ಮೆಟ್ಟಿಲು ತಪ್ಪಿ ಬಿದ್ದೆನಲ್ಲ, ಜನ ಕುಡಿದಿದ್ದಾನೆ ಅಂದುಕೊಂಡರು, ಹಾಗೇ ಅಂದುಕೊಳ್ಳಲಿ ಎಂದು ನಾನೂ ಬಿಟ್ಟೆ. ಕುಡುಕನ ಮಗಳ ಮದುವೆ ನಿಲ್ಲುವುದಿಲ್ಲ. ನಿನ್ನಮ್ಮನಿಗೂ ಇನ್ನೂ ಗೊತ್ತಿಲ್ಲ. ಪರೀಕ್ಷೆಗೆ ನನ್ನ ರಕ್ತವೂ ಬೇಕಾಗಬಹುದು. ಬೆಳಗಿನ ಹೊತ್ತು ಅಪಾಯಿಂಟ್‌ಮೆಂಟ್ ತೆಗೆದುಕೋ, ನಾನೇ ಬರುತ್ತೇನೆ. ಹಗಲಲ್ಲಿ ನನಗಿನ್ನೂ ದಾರಿ ಕಾಣುತ್ತದೆ.