ಉಜ್ಜಿದರೂ ಹೋಗದ ಕಲೆ

ದಂತ ತಪಾಸಣಾ ಶಿಬಿರಗಳ ಹೊಣೆ ಹೊತ್ತ ಅಧಿಕಾರಿಗಳೇ,

ಮಾನ್ಯರೇ, ಕಳೆದ ವಾರ ಅರಕಲಗೂಡು ತಾಲ್ಲೂಕಿನ ನಮ್ಮೂರ ಶಾಲೆಗೆ ಬಂದ ನಿಮ್ಮ ತಂಡ, ಆರನೇ ತರಗತಿಯ ನನ್ನ ಮಗಳು ಶಾಂತಿಯ ಹಲ್ಲಿನ ಕಂದು ಕಲೆ ನೋಡಿ, ಅವಳ ತಪಾಸಣೆ ಕಾರ್ಡಿನಲ್ಲಿ 'ಹಲ್ಲುಜ್ಜುವ ಅಭ್ಯಾಸವಿಲ್ಲ' ಎಂದು ಬರೆದು ಹೋಗಿದೆ. ಎರಡು ಹೊತ್ತು ಉಜ್ಜುವ ಹುಡುಗಿ. ಅಂದಿನಿಂದ ಇಟ್ಟಿಗೆ ಪುಡಿ ಹಿಡಿದಿದ್ದಾಳೆ; ವಸಡೆಲ್ಲ ರಕ್ತ. ಕಿತ್ತುಕೊಂಡರೆ, "ಬಿಡಪ್ಪ, ಅವ್ವನೂ ಇಂಗೇ ಉಜ್ತಿತ್ತಲ್ಲ" ಎನ್ನುತ್ತಾಳೆ.

ಆ ಅವ್ವನ ವಿಷಯವನ್ನೂ ಕೇಳಿ. ನನ್ನ ಹೆಂಡತಿ ಮಾದಮ್ಮ ಇದೇ ಊರಲ್ಲಿ ಹುಟ್ಟಿ, ಇದೇ ಬೋರ್‌ವೆಲ್ ನೀರು ಕುಡಿದು ಬೆಳೆದವಳು; ಅವಳ ಹಲ್ಲಿನಲ್ಲೂ ಇದೇ ಕಲೆ. ತಂಬಾಕಿನ ಎಲೆ ಕಟ್ಟುವ ಕೂಲಿಗೆ ಹೋಗುತ್ತಿದ್ದಳು. ಆರು ವರ್ಷದ ಹಿಂದೆ ನಿಮ್ಮ ಶಿಬಿರದ ಡಾಕ್ಟರು ಅವಳ ಬಾಯಿಗೆ ಟಾರ್ಚು ಬಿಟ್ಟು, "ಏನಮ್ಮ, ಮಾಲೀಕರಿಗೆ ಒಂದೆಲೆನಾದ್ರೂ ಉಳಿಸಿದ್ದೀಯೋ, ಎಲ್ಲಾ ನೀನೇ ಜಗಿದ್ಯೋ?" ಎಂದರು. ಸಾಲಿನಲ್ಲಿದ್ದವರೆಲ್ಲ ನಕ್ಕರು.

"ಇಲ್ಲ ಸಾ, ಒಂದಿನಾನೂ ಬಾಯ್ಗಾಕಿಲ್ಲ."

'ತಂಬಾಕು ಚಟ' ಎಂದು ಬರೆದು, ಬ್ರಷ್ ಕೊಟ್ಟು ಕಳಿಸಿದರು. ಕಾರ್ಡು ನೋಡಿ ನಾನೂ ಕೇಳಿದೆ: "ನಿಜ ಏಳು, ಕದ್ದು ಆಕ್ಕೋತೀಯಾ?" ಆ ಪ್ರಶ್ನೆ ಅಂದಿನ ನನ್ನ ದಿನಚರಿಯಲ್ಲಿದೆ. ಆಮೇಲೆ ನನ್ನೆದುರೂ ಬಾಯಿಗೆ ಸೆರಗು ಮುಚ್ಚಿಕೊಂಡೇ ನಗುತ್ತಿದ್ದಳು. ಹೋದ ವರ್ಷ ಡೆಂಗಿಯಲ್ಲಿ ತೀರಿಕೊಂಡಳು. ಗೋಡೆಗೆ ಹಾಕಲು, ಬಾಯಿ ಮುಚ್ಚಿಕೊಳ್ಳದ ಒಂದು ಫೋಟೊ ಸಿಗಲಿಲ್ಲ.

ಮೊನ್ನೆ ಶಾಂತಿಯನ್ನು ಹಾಸನದ ದಂತವೈದ್ಯರೊಬ್ಬರಿಗೆ ತೋರಿಸಿದೆ. "ಇದು ಕೊಳೆ ಅಲ್ಲ ಕಣ್ರೀ. ಕಾಫಿ, ಎಲೆಅಡಿಕೆ ಕಲೆ ಹಲ್ಲಿನ ಮೇಲೆ ಕೂರುತ್ತೆ, ಕ್ಲೀನ್ ಮಾಡಿದ್ರೆ ಹೋಗುತ್ತೆ. ಪೆಟ್ಟು ಬಿದ್ದು ಒಳಗೆ ನರ ಸತ್ರೆ ಆ ಒಂದು ಹಲ್ಲು ಮಾತ್ರ ಕಪ್ಪಾಗುತ್ತೆ. ಇದು ಹಲ್ಲು ಬೆಳೆಯೋವಾಗ್ಲೇ ನೀರಿನ ಫ್ಲೋರೈಡ್ ಒಳಗೆ ಸೇರಿರೋದು. ಉಜ್ಜಿ ಸವೆಸಬೇಡಿ. ದೊಡ್ಡೋಳಾದ್ಮೇಲೆ ಹಲ್ಲಿನ ಬಣ್ಣದ ಲೇಪ ಹಾಕಬೋದು. ಮೊದಲು ನೀರು ಟೆಸ್ಟ್ ಮಾಡ್ಸಿ" ಎಂದರು.

ಎರಡು ನಿಮಿಷದ ಮಾತು. ತರಗತಿಯ ಅರ್ಧ ಮಕ್ಕಳ ಹಲ್ಲಿನಲ್ಲಿ ಒಂದೇ ಬಗೆಯ ಕಂದು ಕಲೆ ಕಂಡರೆ, ಅರ್ಧ ಊರೇ ಸೋಮಾರಿ ಎಂದು ತೀರ್ಮಾನಿಸುವ ವಿದ್ಯೆಯನ್ನು ತಾವು ಎಲ್ಲಿ ಕಲಿತಿರಿ? 'ಯಾವ ನೀರು ಕುಡಿಯುತ್ತೀ ಮಗಳೇ' ಎಂದು ಕೇಳಿದ್ದರೆ ನಿಮ್ಮ ಘನತೆಗೆ ಕುಂದಾಗುತ್ತಿತ್ತೇ?

ನಮ್ಮ ಬೋರ್‌ವೆಲ್ ನೀರನ್ನು ಪರೀಕ್ಷಿಸಿ, ಫಲಿತಾಂಶವನ್ನು ಶಾಲೆಯ ಗೋಡೆಗೆ ಅಂಟಿಸಿ. ಹಲ್ಲು ಇನ್ನೂ ಬೆಳೆಯುತ್ತಿರುವ ಚಿಕ್ಕ ಮಕ್ಕಳಿಗೆ ಬೇರೆ ನೀರು ಕೊಡಿಸಿ. ಶಾಂತಿಯ ಕಾರ್ಡಿನಲ್ಲಿ ಆ ಸಾಲು ಬರೆದವರೇ ಬಂದು, ಅದೇ ತರಗತಿಯ ಎದುರು ಅದನ್ನು ಹೊಡೆದುಹಾಕಲಿ. ಅವಳಿಗೆ ಹನ್ನೊಂದು ವರ್ಷ. ನಿನ್ನೆಯಿಂದ ಮಾತಾಡುವಾಗಲೂ ಬಾಯಿಗೆ ಕೈ ಅಡ್ಡ ಇಡುತ್ತಿದ್ದಾಳೆ.

ಇಂತಿ,
ಹೆಂಡತಿಯ ಮಾತಿಗಿಂತ ನಿಮ್ಮ ಕಾರ್ಡನ್ನು ನಂಬಿದ
ಶಿವರಾಜು