ಕರೀ ಹಂಡೆಗೆ ಬಿದ್ದ ಬೆಲ್ಟ್

೫ ಫೆಬ್ರುವರಿ ೧೯೭೮, ರವಿವಾರ
ಕರೀ ಬೆಲ್ಟಿನ ಪರೀಕ್ಷೆ ೧೯ಕ್ಕೆ ಖಾತ್ರಿ. ಮುಂಬೈಯಿಂದ ಕಾರ್ಡ್ ಬಂದಿದೆ ಎಂದು ಅಮರಪ್ಪ ಮಾಸ್ತರರು ಕರಾಟೆ ಕ್ಲಾಸಿನಲ್ಲಿ ಹೇಳಿದರು. ಅವರು ಒಂದನೇ ಡಾನ್. ಕಂದು ಬೆಲ್ಟಿನ ತನಕ ತಾವೇ ಕೊಡುತ್ತಾರೆ; ಕರೀ ಬೆಲ್ಟಿಗೆ ಮುಂಬೈಯಿಂದ ಮೇಲಿನ ಗುರುಗಳು ಬರಬೇಕು. ಓಕಿನಾವಾದ ಪದ್ಧತಿ. ಕಲಿಯುವವರ ದರ್ಜೆ, ಕ್ಯೂ, ಹತ್ತರಿಂದ ಒಂದಕ್ಕೆ ಇಳಿಯುತ್ತದೆ, ಆಮೇಲೆ ಕರೀ ಬೆಲ್ಟಿನ ದರ್ಜೆ, ಡಾನ್, ಒಂದರಿಂದ ಏರುತ್ತದೆ. ನಾನು ಒಂದನೇ ಕ್ಯೂ, ಕಂದು ಬೆಲ್ಟ್. ಆರು ವರ್ಷ ಹಿಡಿಯಿತು. ಈ ಸಲ ತಪ್ಪಿದರೆ ಅವರು ಮತ್ತೆ ಬರಲು ಇನ್ನು ಮೂರು ವರ್ಷ. ಈಗಲೇ ನನಗೆ ವಯಸ್ಸು ಮೂವತ್ತೊಂದು.

೯, ಗುರುವಾರ
ನನ್ನ ಕಂದು ಬೆಲ್ಟ್ ಕರಿದಾಗಿದೆ. ಟಿಕೋಟಾ ಶಾಲೆಯಲ್ಲಿ ಪಾಠ ಹೇಳಿ ಮುಗಿಸಿ ಬಸ್ಸಿಳಿದು ಬಂದರೆ ಅಂಗಳದ ಹಗ್ಗದ ಮೇಲೆ ನೇತಾಡುತ್ತಿತ್ತು.

ನಮ್ಮದು ಬಟ್ಟೆಗೆ ಬಣ್ಣ ಹಾಕುವ ಮನೆ. ಮಾಸ್ತರರ ನೇಮ: ಒಬ್ಬನಿಗೆ ಒಂದೇ ಬೆಲ್ಟ್, ಅದಕ್ಕೇ ಬಣ್ಣ ಹಾಕುತ್ತ ಹೋಗಬೇಕು. ಹೊಸ ಬೆಲ್ಟ್ ಕಟ್ಟಿದರೆ ಮತ್ತೆ ಬಿಳಿಯಿಂದ ಶುರು. ಹಸಿರು, ಕಂದು — ಎರಡೂ ಅಮ್ಮನೇ ಹಾಕಿದ್ದು.

"ಹಂಡ್ಯಾಗ ಕರೀ ಬಣ್ಣ ಉಳದಿತ್ತು, ಬೇಟಾ. ಚೆಲ್ಲೂದ್ಯಾಕ ಅಂತ ಅದ್ದಿದೆ. ಮುಂದಿಂದು ಕರೀದ ಅಂದಿದ್ದೆಲ್ಲ?"

"ಪರೀಕ್ಷಾ ಆದ ಮ್ಯಾಲ, ಅಮ್ಮಾ."

"ಯಾಕ, ನೀ ಪಾಸ್ ಆಗೂದಿಲ್ಲೇನು?"

ಬೆಲ್ಟನ್ನು ಸೋಡಾ ಹಾಕಿ ಎರಡು ಸಲ ಕುದಿಸಿದೆ; ಕರೀ ಬಿಡಲಿಲ್ಲ. ಕರೀ ಮೇಲೆ ಬೇರೆ ಬಣ್ಣ ಹತ್ತುವುದಿಲ್ಲ. ಗೊತ್ತಿದ್ದದ್ದೇ. ಆದರೂ...

೧೨, ರವಿವಾರ
ಕ್ಲಾಸಿನಲ್ಲಿ ಬೆಲ್ಟ್ ಇಲ್ಲದೆ ನಿಂತೆ. ಚೀಲದಲ್ಲಿತ್ತು. ನನ್ನ ಜೊತೆ ಪರೀಕ್ಷೆಗೆ ಕೂಡುವ ಬಬಲೇಶ್ವರದ ಶಂಕ್ರೆಪ್ಪ ಕೈಹಾಕಿ ಎಳೆದ.

"ಮಾಸ್ತರ, ಬಾಬುಸಾಬ ತಾನ ಪರೀಕ್ಷಾ ತೊಗೊಂಡು ತಾನ ಪಾಸಾಗ್ಯಾನ ನೋಡ್ರಿ. ನಿಮ್ಮ ಬಾಜೂಕ ನಿಂದರಸ್ರಿ."

ಎಲ್ಲರೂ ನಕ್ಕರು. ಮಾಸ್ತರರು ನಗಲಿಲ್ಲ. ನಡೆದದ್ದು ಹೇಳಿದೆ.

"ಇದನ್ನ ಸೊಂಟಕ್ಕ ಕಟ್ಟಿದ್ದರ ಹೊರಗ ಹಾಕ್ತಿದ್ದೆ. ನೀ ಕಟ್ಟಿಲ್ಲ. ಮುಂಬೈಗೆ ಕೇಳ್ತೀನಿ. ಅವರು ಅಂದಂಗ."

೧೫, ಬುಧವಾರ
ಮುಂಬೈಯಿಂದ ಏನೂ ಇಲ್ಲ. ಪಾಠದ ನಡುವೆ ಬೋರ್ಡಿನ ಮೇಲೆ ತಾರೀಖು ತಪ್ಪಿ ೧೯ ಬರೆದೆ.

೧೭, ಶುಕ್ರವಾರ
ತಂತಿ ಬಂತು. ಮಾಸ್ತರರೇ ಗಾಂಧಿ ಚೌಕದಲ್ಲಿ ನಿಲ್ಲಿಸಿ ಓದಿದರು — ಬಿಳಿ ಕಟ್ಟಿ ಬರಲಿ, ಮೊದಲ ಪಾಠದಿಂದ ನೋಡುತ್ತೇನೆ. ಅಂದರೆ ಆರು ವರ್ಷ ಕಲಿತದ್ದನ್ನು ಒಂದೇ ದಿನ ಮಾಡಿ ತೋರಿಸಬೇಕು. ಕರೀ ಕೊಡಬಹುದು. ಬಿಳಿಯಲ್ಲೇ ಬಿಡಬಹುದು.

"ಕಂದೂ ಹೋದೀತು. ಕೂಡ್ತೀಯೇನು?"

"ಕೂಡ್ತೀನ್ರಿ."

೧೮, ಶನಿವಾರ
ಅಮ್ಮ ಮಾದರಪಾಟದ ಬಿಳಿ ಬಟ್ಟೆ ಹರಿದು ಹೊಸ ಬೆಲ್ಟ್ ಹೊಲಿದಳು. ಹಂಡೆಗಳನ್ನೆಲ್ಲ ಬೋರಲು ಹಾಕಿದ್ದಾಳೆ.

"ನೀ ಹೇಳೂತನಕ ಮುಟ್ಟೂದಿಲ್ಲ, ತೊಗೋ."

೧೯, ರವಿವಾರ, ಬೆ. ೫.೩೦
ಬಿಳಿ ಕಟ್ಟಿಕೊಂಡಿದ್ದೇನೆ. ಗಂಟು ಎರಡು ಸಲ ಬಿಚ್ಚಿ ಕಟ್ಟಿದೆ. ಇವತ್ತು ಬಿಳಿ ಬೆಲ್ಟಿನವರ ಜೊತೆ ಸಾಲಿನ ಕೊನೆಗೆ ನನ್ನ ಜಾಗ. ಏಳಕ್ಕೆ ಪರೀಕ್ಷೆ. ಮೊದಲ ಪಾಠ: ನಿಲ್ಲುವುದು.