ಮೇಲಿನ ಮನೆಯ ಬ್ರಿಟ್ಟು

6 ಜೂನ್ 1999, ಭಾನುವಾರ

ಇವತ್ತೂ ಕಾವೇರಿ ನೀರು ಬರಲಿಲ್ಲ. ಬೋರಿನ ನೀರಲ್ಲೇ ಬಟ್ಟೆ ಮುಗಿಸಿದೆ. ಅತ್ತೆ ಅಂಗಳದಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದರು. ಅಷ್ಟು ಹೊತ್ತಿಗೆ ಶಿವಾಜಿನಗರದ ಬ್ರೋಕರ್ ವಾಜಿದ್ ಗೇಟು ತೆಗೆದ. ಹಿಂದೆ ಒಬ್ಬ ಬಿಳಿಯ. ನಮ್ಮ ಮೇಲಿನ ಮನೆ ಯುಗಾದಿಯಿಂದ ಖಾಲಿ ಇದೆಯಲ್ಲ, ಅದನ್ನು ನೋಡುವುದಕ್ಕೆ.

ಐವತ್ತೈದರ ಆಸುಪಾಸು. ಬಿಸಿಲಿಗೆ ಮುಖವೆಲ್ಲ ಕೆಂಪು. ವಿಮಾನದ ಕಾರ್ಖಾನೆಯಲ್ಲಿ ಒಂದು ವರ್ಷ ಟ್ರೈನಿಂಗ್ ಕೊಡುವ ಕೆಲಸವಂತೆ. ಹೋಟೆಲಿನ ಊಟ, ಹೋಟೆಲಿನ ಹಾಸಿಗೆ ಎರಡೂ ಸಾಕಾಗಿದೆಯಂತೆ.

ಬಿ.ಎ. ಮಾಡಿದ ಸೊಸೆ ಎಂದು ಅತ್ತೆ ನನ್ನನ್ನು ಮುಂದೆ ತಳ್ಳಿದರು. ಧೈರ್ಯ ಮಾಡಿ ಕೇಳಿದೆ — ಆರ್ ಯು ಎ ಬ್ರಿಟಿಷರ್? ಆತ ನಕ್ಕುಬಿಟ್ಟರು. “ಬ್ರಿಟ್. ಜಸ್ಟ್ ಎ ಬ್ರಿಟ್.” ಆಮೇಲೆ ಹೆಸರೂ ಹೇಳಿದರು. ಸರಿಯಾಗಿ ಆಗಲೇ ತಲೆಯ ಮೇಲೆ ವಿಮಾನ ಹೋಯಿತು. ಹೆಸರು ಅದರ ಸದ್ದಿನಲ್ಲಿ ಮುಳುಗಿತು.

“ಬ್ರಿಟ್ಟಾ? ಚೆನ್ನಾಗೈತೆ, ಬಾಯಿಗೆ ಸಲೀಸು,” ಅಂದರು ಅತ್ತೆ. “ಬಾಪ್ಪ ಬ್ರಿಟ್ಟು, ಕುಂತ್ಕೋ. ಕಾಪಿ ಕುಡೀತೀಯಾ?”

ಕನ್ನಡದಲ್ಲಿ ಕೇಳಿದ್ದು ಅರ್ಥವಾಯಿತೋ ಏನೋ... ಕೂತರು, ಕುಡಿದರು.

ಮಧ್ಯಾಹ್ನ ಇವರು ಅಂಗಡಿ ಮುಚ್ಚಿ ಬಂದು ರೇಗಾಡಿದರು. ಮಾರ್ಕೆಟ್ ರಸ್ತೆಯ ನಮ್ಮ ಎಲೆಕ್ಟ್ರಿಕಲ್ ಅಂಗಡಿಗೆ ಸುದ್ದಿ ಆಗಲೇ ಮುಟ್ಟಿತ್ತು. “ನಮ್ ತಾತ ಅವ್ರ ಬಂಗ್ಲೆ ಮುಂದೆ ಚಪ್ಲಿ ಬಿಟ್ಟು ನಿಲ್ತಿದ್ನಂತೆ. ಈಗ ನಾವು ಕಾಪಿ ಕೊಡ್ಬೇಕಾ?”

“ಆ ಕಾಲದೋನಲ್ಲ ಕಣೋ ಮುನಿ ಇವ್ನು,” ಅಂದರು ಅತ್ತೆ. “ಮುಖ ನೋಡ್ಲಿಲ್ವಾ? ಹಸ್ಕೊಂಡೋನ ಮುಖ.”

ಮನೆ ಕೊಟ್ಟಾಯಿತು.

27 ಜೂನ್

ಹೆಸರು ಬೀದಿಯೆಲ್ಲ ಹರಡಿದೆ. ಹಾಲಿನ ಪಿಳ್ಳಮ್ಮ — “ಬ್ರಿಟ್ಟಪ್ಪಂಗೆ ಅರ್ಧ ಲೀಟ್ರು ಸಾಕೇನಕ್ಕ?” ಅತ್ತೆ ಮೆಟ್ಟಿಲ ಕೆಳಗೆ ನಿಂತು — “ಬ್ರಿಟ್ಟೂ, ನೀರು ಬಂತು! ಡ್ರಮ್ ತುಂಬ್ಕೋ!” ಆತ ಬಕೆಟ್ ಹಿಡಿದು ಓಡಿಬರುತ್ತಾರೆ.

ನನಗೆ ನಾಚಿಕೆ. ಒಬ್ಬ ಮನುಷ್ಯನನ್ನು ದೇಶದ ಹೆಸರಿನಿಂದ ಕೂಗುವುದೇ? ಇವತ್ತು ಮೇಲೆ ಹೋಗಿ ಕ್ಷಮೆ ಕೇಳಿದೆ. ಹೆಸರನ್ನು ಚೀಟಿಯಲ್ಲಿ ಬರೆದುಕೊಟ್ಟರು. ಲ್ಲೆವೆಲಿನ್. ಮೊದಲಕ್ಷರವನ್ನು ನಾಲಿಗೆಯ ಪಕ್ಕದಿಂದ ಗಾಳಿ ಬಿಟ್ಟು ಹೇಳಬೇಕು. ನನ್ನಿಂದಾಗಲಿಲ್ಲ.

ಬೇಜಾರಿಲ್ಲ ಎಂದರು. ‘ಬ್ರಿಟಿಷರ್’ ಎಂಬ ಪದವನ್ನು ಅವರ ಕಡೆ ಯಾರೂ ಆಡುವುದಿಲ್ಲವಂತೆ. ಪಾಸ್‌ಪೋರ್ಟಿನಲ್ಲಿ ಬ್ರಿಟಿಷ್. ಪೇಪರಿನ ಹೆಡ್ಡಿಂಗಿನಲ್ಲಿ, ಗೆಳೆಯರ ಹರಟೆಯಲ್ಲಿ ಬ್ರಿಟ್. ಹಗುರವಾದ ಮಾತು. ಪ್ರೀತಿಯಿಂದ ಅಂದರೆ ಪ್ರೀತಿ, ಮೂತಿ ತಿರುವಿ ಅಂದರೆ ಬೈಗುಳ.

“ನಿಮಗೂ ಅಂಥದೊಂದು ಪದ ಇರಬೇಕಲ್ಲ?” ಎಂದು ಕೇಳಿದರು.

ಇದೆ. ಲೋಕಲ್. ನಮ್ಮ ಹೊಲಗಳ ಮೇಲೆ ಕಾಲೋನಿ ಎದ್ದ ಮೇಲೆ ಬಂದ ಹೆಸರು. ಬ್ಯಾಂಕಿನ ಕ್ಯೂನಲ್ಲಿ ಹಿಂದೆ ನಿಂತವರು “ಲೋಕಲ್ ಜನ, ಹಾಗೇ ಬಿಡಿ” ಎಂದು ಪಿಸುಗುಟ್ಟಿದರೆ ಮೈ ಉರಿಯುತ್ತದೆ. ಅದೇ ಪಿಳ್ಳಮ್ಮ “ನಾವೂ ನೀವೂ ಲೋಕಲ್ಲು ಕಣಕ್ಕ” ಅಂದರೆ ಹೆಗಲ ಮೇಲೆ ಕೈ ಹಾಕಿದ ಹಾಗೆ.

ನನ್ನ ಇಂಗ್ಲಿಷಿನಲ್ಲಿ ಇಷ್ಟನ್ನೂ ಹೇಳಿದೆನೋ ಇಲ್ಲವೋ. ಆತ ಮಾತ್ರ ತುಂಬ ಹೊತ್ತು ತಲೆಯಾಡಿಸಿದರು.

15 ಆಗಸ್ಟ್

ಬೆಳಿಗ್ಗೆ ಶಾಲೆಯ ಮೈದಾನದಲ್ಲಿ ಬಾವುಟ, ಮೈಕು. ಮೇಲಿನವರು ಕೆಳಗಿಳಿಯಲೇ ಇಲ್ಲ.

“ಯಾಕಮ್ಮಿ, ಬ್ರಿಟ್ಟುಗೆ ಮೈ ಹುಷಾರಿಲ್ವಾ?” ರುಬ್ಬುತ್ತಾ ಕೇಳಿದರು ಅತ್ತೆ.

ಇವರು ಪೇಪರಿನ ಮರೆಯಿಂದ ನಕ್ಕರು. ನಾನು ಹೇಳಲೇಬೇಕಾಯಿತು. “ಅತ್ತೆ, ಬ್ರಿಟ್ ಅನ್ನೋದು ಅವ್ರ ಹೆಸರಲ್ಲ. ಬ್ರಿಟಿಷರು ಅಂತೀವಲ್ಲ, ಅದನ್ನೇ ಚಿಕ್ಕದು ಮಾಡಿ ಹೇಳೋದು. ಇವತ್ತು ಅವ್ರನ್ನ ಓಡಿಸಿದ ದಿನ ಅಲ್ವಾ, ಸಂಕೋಚ ಇರ್ಬೇಕು.”

ಅತ್ತೆಯ ಕೈ ಒರಳಿನಲ್ಲೇ ನಿಂತಿತು. ಆಮೇಲೆ ಹೇಳಿದರು. ಇಷ್ಟು ವರ್ಷದಲ್ಲಿ ಒಮ್ಮೆಯೂ ಹೇಳಿರಲಿಲ್ಲ.

ಚಿಕ್ಕ ಹುಡುಗಿ ಆಗ. ತಾಯಿಯ ಜೊತೆ ಸೊಪ್ಪಿನ ಬುಟ್ಟಿ ಹೊತ್ತು ತಿಪ್ಪಸಂದ್ರದಿಂದ ಹಲಸೂರಿನ ಆಚೆಯ ಬಂಗಲೆಗಳಿಗೆ ನಡೆದು ಹೋಗುತ್ತಿದ್ದರಂತೆ. ಒಂದು ಬಂಗಲೆಯ ದೊರೆಸಾನಿ ಒಳ್ಳೆಯವಳೇ. ಬಿಸ್ಕತ್ತು ಕೊಡುತ್ತಿದ್ದಳು.

“ಆದ್ರೆ ನನ್ನ ‘ಸೊಪ್ಪು’ ಅಂತ್ಲೇ ಕರೀತಿದ್ಲು ಕಣಮ್ಮಿ. ಕಮ್ ಸೊಪ್ಪು, ಗೋ ಸೊಪ್ಪು. ಅಕ್ಕಯಮ್ಮ ಅಂತ ಒಂದು ಹೆಸರೈತೆ ಅಂತ ಕೇಳ್ಲೇ ಇಲ್ಲ. ಈಗ ನಾನು ಮಾಡಿದ್ದೂ ಅದೇ ಆಯ್ತಲ್ಲ.”

ತಟ್ಟೆಗೆ ಲಾಡು ಹಾಕಿಸಿಕೊಂಡು ತಾವೇ ಮೇಲೆ ಹೋದರು. ನಾನು ಹಿಂದೆ. ಬಾಗಿಲಲ್ಲೇ ನಿಂತು “ನಿನ್ ಹೆಸ್ರು ಹೇಳಪ್ಪ, ನಿಧಾನಕ್ಕೆ.” ಆತ ಹೇಳುವುದು, ಅತ್ತೆ ಅನ್ನುವುದು — ಎಲ್ಲೆ... ಲ್ಲೆವೆ... ಲಿಂಗ್... ಕೊನೆಗೆ ಇಬ್ಬರೂ ನಗುತ್ತಾ ಲಿಂಗಪ್ಪನಿಗೆ ಬಂದು ನಿಂತರು.

ಲಿಂಗಪ್ಪ ಎನ್ನಹೊರಟ ಅತ್ತೆಯ ಬಾಯಲ್ಲಿ ಸಾಯಂಕಾಲಕ್ಕೇ ನಾಲ್ಕು ಸಲ ಬ್ರಿಟ್ಟು ಜಾರಿತು. ಜಾರಿದಾಗಲೆಲ್ಲ ಕೆನ್ನೆ ಬಡಿದುಕೊಳ್ಳುತ್ತಾರೆ.

19 ಸೆಪ್ಟೆಂಬರ್

ಈಗ ಭಾನುವಾರ ಲಿಂಗಪ್ಪನವರ ಊಟ ಕೆಳಗೇ. ಮುದ್ದೆಯನ್ನು ಅಗಿಯದೆ ನುಂಗಲು ಕಲಿತಿದ್ದಾರೆ. ಸಂಪಿನ ಮೋಟರ್ ಕೆಟ್ಟಾಗ ಇವರೂ ಅವರೂ ಮಧ್ಯಾಹ್ನವೆಲ್ಲ ಬಗ್ಗಿ ಕೂತು ಬಿಚ್ಚಿದರು. ಮಾತಿಲ್ಲ. ಸ್ಪ್ಯಾನರ್ ಅಂದರೆ ಸ್ಪ್ಯಾನರ್, ಅಷ್ಟೇ.

ಕೈ ತೊಳೆಯುವಾಗ ಕೇಳಿದೆ — ನೀವು ಇಂಗ್ಲಿಷರು ಅಂತ ಯಾಕೆ ಹೇಳಿಕೊಳ್ಳುವುದಿಲ್ಲ?

ಇಂಗ್ಲಿಷರಲ್ಲವಂತೆ. ವೇಲ್ಸ್ ಅಂತ ಬೇರೆ ಸೀಮೆ. ಅಲ್ಲಿಯದೇ ಭಾಷೆ ಇದೆ. ಇಂಗ್ಲಿಷ್ ಕಲಿತರೆ ಹುಡುಗ ಮುಂದೆ ಬರುತ್ತಾನೆ ಎಂದು ಅಪ್ಪ ಮನೆಯಲ್ಲಿ ಆ ಭಾಷೆ ಆಡಲು ಬಿಡಲಿಲ್ಲ. ತಾಯಿಗೆ ಕೊನೆಗಾಲದಲ್ಲಿ ಸ್ಟ್ರೋಕ್ ಆಯಿತು. ಇಂಗ್ಲಿಷೆಲ್ಲ ಹೊರಟುಹೋಯಿತು. ಅವರದೇ ಭಾಷೆಯೊಂದು ಉಳಿಯಿತು. ಮಗನ ಕೈ ಹಿಡಿದು ದಿನವೆಲ್ಲ ಏನೋ ಹೇಳುತ್ತಿದ್ದರಂತೆ.

“ನನಗೆ ಅರ್ಥವಾಗಲಿಲ್ಲ,” ಅಂದರು. ಭಾಷೆ ಬಾರದೆ ವೇಲ್ಸಿನವನು ಎನ್ನಲು ಬಾಯಿ ಬರುವುದಿಲ್ಲ. ಇಂಗ್ಲೆಂಡಿನವನು ಅಂದರೆ ತಾಯಿಗೆ ದ್ರೋಹ ಮಾಡಿದಂತೆ. ಬ್ರಿಟ್ ಅಂದುಬಿಟ್ಟರೆ ಯಾರೂ ಮುಂದೆ ಕೇಳುವುದಿಲ್ಲ.

ಇವರು ಟವೆಲ್ ಹಿಡಿದು ಪಕ್ಕದಲ್ಲೇ ನಿಂತಿದ್ದರು. ಟವೆಲನ್ನು ಮೊದಲು ಅವರಿಗೆ ಕೊಟ್ಟರು.

9 ಫೆಬ್ರವರಿ 2000

ಅತ್ತೆಯನ್ನು ಆಸ್ಪತ್ರೆಯಿಂದ ಕರೆತಂದೆವು.

ವಾರದ ಹಿಂದೆ ಬಚ್ಚಲಲ್ಲಿ ಬಿದ್ದರು, ಸ್ಟ್ರೋಕ್. ಬಲಗೈ, ಬಲಗಾಲು ಸ್ವಾಧೀನದಲ್ಲಿಲ್ಲ. ಮಾತು ಪೂರ್ತಿ ಹೋಗಿದೆ. ಕಣ್ಣು ಮಾತ್ರ ಎಲ್ಲ ನೋಡುತ್ತದೆ. ಮಾತಾಡಿಸುತ್ತಾ ಇರಿ, ಬಂದರೂ ಬರಬಹುದು ಎಂದರು ಡಾಕ್ಟರು. ಬಂದರೂ...

ಇನ್ನು ಬರೆಯಲು ಆಗುವುದಿಲ್ಲ.

17 ಫೆಬ್ರವರಿ

ಗಂಜಿ. ಎಣ್ಣೆ ತಿಕ್ಕುವುದು. ಬಟ್ಟೆ ಬದಲಿಸುವಾಗ ಅತ್ತೆ ಗೋಡೆಯ ಕಡೆ ಮುಖ ತಿರುಗಿಸುತ್ತಾರೆ. ಮದುವೆಯಾದ ಹೊಸದರಲ್ಲಿ ನನಗೆ ಟೈಫಾಯ್ಡ್ ಬಂದಾಗ ನನ್ನ ಬಟ್ಟೆ ಒಗೆದವರು ಅತ್ತೆಯೇ. ಅದನ್ನು ಹೇಳಿದೆ. ಕಣ್ಣಲ್ಲಿ ನೀರು ಬಂತು. ಹೇಳಬಾರದಿತ್ತೋ ಏನೋ.

ಇವರು ದಿನಾ ಸಂಜೆ ಮಂಚದ ಪಕ್ಕ ಕೂರುತ್ತಾರೆ. ‘ಅಮ್ಮ’ ಅನ್ನುತ್ತಾರೆ. ಆಮೇಲೆ ಏನು ಹೇಳಬೇಕೋ ತೋಚದೆ ಫ್ಯಾನಿನ ಸ್ಪೀಡು ನೋಡುತ್ತಾರೆ.

ಲಿಂಗಪ್ಪನವರು ಕಾರ್ಖಾನೆಯ ಸೈರನ್ ಆದ ಮೇಲೆ ನೇರ ಇಲ್ಲಿಗೇ ಬರುತ್ತಾರೆ. ನನ್ನಿಂದ ಕನ್ನಡ ಹೇಳಿಸಿಕೊಂಡು ಅತ್ತೆಯ ಮುಂದೆ ಒಪ್ಪಿಸುತ್ತಾರೆ. ಲೋಟ. ಬಾಗಿಲು. ಬೆಕ್ಕು. ಅತ್ತೆ ಸುಮ್ಮನೆ ನೋಡುತ್ತಾರೆ.

12 ಮಾರ್ಚ್, ಭಾನುವಾರ

ಇವತ್ತಿನದನ್ನು ಈಗಲೇ ಬರೆಯಬೇಕು.

ಹತ್ತೂವರೆ ಇರಬಹುದು. ಕಾಫಿ ಕೊಟ್ಟೆ. ಲಿಂಗಪ್ಪನವರು ಲೋಟ ನೋಡಿ, ಕಪ್ಪಗಿದೆ ಎಂದು, ನನಗೆ ಬಹಳ ಗಂಭೀರವಾಗಿ — “ಹಂಸ, ಸ್ವಲ್ಪ ಹಲ್ಲು ಹಾಕಿ.”

ನನಗೆ ನಗು ತಡೆಯಲಾಗಲಿಲ್ಲ. ಅವರಿಗೆ ತಪ್ಪು ಗೊತ್ತಾಗಲಿಲ್ಲ. ಲೋಟ ಮುಂದೆ ಹಿಡಿದು ಮತ್ತೆ, “ಬಿಸಿ ಹಲ್ಲು.”

ಮಂಚದಿಂದ ಒಂದು ಸದ್ದು. ಕೆಮ್ಮು ಅಂದುಕೊಂಡೆ. ಅಲ್ಲ, ನಗು! ಎಡಗಡೆಯ ತುಟಿ ಮೇಲಕ್ಕೆ ಹೋಗಿದೆ, ಭುಜ ಕುಲುಕುತ್ತಿದೆ. ಆಮೇಲೆ ಗಂಟಲಿನಿಂದ ಎಳೆದೆಳೆದು, “ಬ್ರಿ... ಬ್ರಿಟ್ಟೂ... ಹಾ... ಹಾಲು.”

ಆತ ಲೋಟ ಅಲ್ಲೇ ಇಟ್ಟು ನೆಲದ ಮೇಲೆ ಕೂತುಬಿಟ್ಟರು. ಅತ್ತೆಯ ಕೈಗೆ ಹಣೆ ಒತ್ತಿಕೊಂಡು ಮಗುವಿನ ಹಾಗೆ ಅತ್ತರು. ಅತ್ತೆ ಎಡಗೈಯಿಂದ ಅವರ ತಲೆ ಸವರುತ್ತಾ ಮತ್ತೆ ಮತ್ತೆ — ಹಾಲು. ಹಾಲು.

ಅಂಗಡಿಗೆ ಫೋನ್ ಮಾಡಿದೆ. ಇವರು ಸ್ಕೂಟರ್ ಸ್ಟ್ಯಾಂಡ್ ಕೂಡ ಹಾಕದೆ ಗೋಡೆಗೆ ಒರಗಿಸಿ ಒಳಗೆ ಬಂದರು. “ಅಮ್ಮ, ನಾನು. ನಾನ್ಯಾರು ಹೇಳು?”

ಅತ್ತೆ ನೋಡಿದರು. ಬಾಯಿ ತೆರೆದರು. “ಬ್ರಿಟ್ಟು,” ಅಂದರು.

ಅದೇ ದಿನ, ಸಂಜೆ

ಇವರು ಊಟ ಮಾಡಲಿಲ್ಲ. ತಾರಸಿಯ ಮೇಲೆ ನೀರಿನ ಟ್ಯಾಂಕಿನ ಪಕ್ಕ ಕೂತಿದ್ದರು. ಹೋಗಿ ಕೂತೆ.

“ಹೆತ್ತ ಮಗ ನಾನು. ನನ್ ಹೆಸ್ರು ಬರ್ಲಿಲ್ಲ ನೋಡು.”

“ಬಾಯಿಗೆ ಸಲೀಸಾಗಿದ್ದು ಮೊದ್ಲು ಬಂತು ಕಣ್ರೀ, ಅಷ್ಟೇ. ಡಾಕ್ಟ್ರೂ ಹಂಗೇ ಅಂದಿದ್ರು.”

“ಗೊತ್ತು. ಗೊತ್ತಾದ್ರೆ ನೋಯಲ್ವಾ?”

ಅಷ್ಟರಲ್ಲಿ ಲಿಂಗಪ್ಪನವರು ಬಂದರು. ಎದುರಿಗೆ ನಿಂತರು. ತಮ್ಮ ತಾಯಿಗೆ ತಮ್ಮಿಂದ ಏನೂ ಮಾಡಲಾಗಲಿಲ್ಲ, ಅವರ ಭಾಷೆಯಲ್ಲಿ ಒಂದು ಪದ ಆಡಿದರೂ ತಪ್ಪಾದೀತೆಂದು ಹೆದರಿ ಬಾಯಿ ಮುಚ್ಚಿಕೊಂಡೇ ಇದ್ದರಂತೆ. ಆಮೇಲೆ ಇವರಿಗೆ ಕನ್ನಡದಲ್ಲೇ, ಒಂದೊಂದೇ ಪದ ಜೋಡಿಸಿ — “ಮುನಿ, ತಪ್ಪು ಮಾತಾಡು. ಪರವಾಗಿಲ್ಲ. ಅಮ್ಮ ಸರಿ ಮಾಡ್ತಾರೆ.”

ಮನೆಗೆ ಬಂದು ಒಂಬತ್ತು ತಿಂಗಳು. ಇವರ ಹೆಸರು ಹಿಡಿದು ಕರೆದದ್ದು ಇದೇ ಮೊದಲು. ಇವರು ಪಕ್ಕಕ್ಕೆ ಸರಿದು ಜಾಗ ಬಿಟ್ಟರು.

2 ಏಪ್ರಿಲ್

ಇವರು ಈಗ ಅಂಗಡಿಯ ಕಥೆಯೆಲ್ಲ ಹೇಳುತ್ತಾರೆ. ಸ್ವಿಚ್ಚು, ವೈರು, ಜಗಳ ಕಾಯುವ ಗಿರಾಕಿಗಳು. ಅತ್ತೆ ಕೇಳುತ್ತಾರೆ. ಹಾಲು, ನೀರು, ಸಾಕು, ಬ್ಯಾಡ — ಇಷ್ಟು ಬಂದಿದೆ.

ಇವತ್ತು ಮಾರ್ಕೆಟ್ಟಿನಿಂದ ಒಂದು ಕಂತೆ ಮೆಂತ್ಯ ತಂದರು. ಮಂಚದ ಮೇಲೆ ಇಟ್ಟು ದೊಡ್ಡದಾಗಿ, “ಅಮ್ಮ, ನೋಡು, ಸಬ್ಬಸಿಗೆ ತಂದೆ. ಘಮ್ ಅಂತೈತೆ!”

ಅತ್ತೆಯ ಹುಬ್ಬು ಗಂಟಾಯಿತು. ಎಡಗೈಯಿಂದ ಕಂತೆ ಎಳೆದುಕೊಂಡು ಒಂದು ಎಲೆ ಚಿವುಟಿ ಮೂಸಿದರು.

“ಮೆಂ... ಮೆಂತ್ಯ.”

“ಅಲ್ಲಮ್ಮ, ಸಬ್ಬಸಿಗೆ.”

“ಮೆಂತ್ಯ ಕಣೋ... ಬೆಪ್ಪೇ! ಮುನಿಯಾ... ಬೆಪ್ಪು ನನ್ಮಗ್ನೆ!”

ಇವರು ನಕ್ಕರು, ನಗುನಗುತ್ತಾ ಕಣ್ಣು ಒರೆಸಿಕೊಂಡರು. ಇನ್ನೊಂದು ಸಲ ಬಯ್ಯಮ್ಮ, ಇನ್ನೊಂದು ಸಲ ಎಂದು ಪೀಡಿಸಿದರು. ಅತ್ತೆ ಬೈದರು. ಬಾಗಿಲಲ್ಲಿ ನಿಂತ ಲಿಂಗಪ್ಪನವರು ಆ ಬೈಗುಳವನ್ನು ಮೆಲ್ಲಗೆ ಹೇಳಿಕೊಂಡು ಕಲಿಯುತ್ತಿದ್ದರು.

ಇವರು ಬೇಕೆಂದೇ ತಪ್ಪು ಹೇಳಿದರೋ, ನಿಜವಾಗಿ ಮೆಂತ್ಯವೇ ಗೊತ್ತಾಗಲಿಲ್ಲವೋ... ನಾನು ಕೇಳಲಿಲ್ಲ.

28 ಮೇ

ಲಿಂಗಪ್ಪನವರ ಕೆಲಸ ಮುಗಿಯಿತು. ಇವತ್ತು ಹೊರಟರು.

ಊರಿಗೆ ಹೋದ ಮೇಲೆ ತಾಯಿಯ ಭಾಷೆಯ ಕ್ಲಾಸಿಗೆ ಸೇರುತ್ತಾರಂತೆ. ಈ ವಯಸ್ಸಿನಲ್ಲಾ ಎಂದು ನಾನು ಕೇಳಲಿಲ್ಲ. ಕೇಳಿದ ಹಾಗೆ ಅವರೇ ಉತ್ತರ ಕೊಟ್ಟರು — ಕನ್ನಡವೇ ಬಂತಲ್ಲ, ಅದೂ ಬರುತ್ತೆ.

ಅತ್ತೆ ಈಗ ಗೋಡೆ ಹಿಡಿದು ನಾಲ್ಕು ಹೆಜ್ಜೆ ಹಾಕುತ್ತಾರೆ, ಗೇಟಿನ ತನಕ ಮಾತ್ರ ಕುರ್ಚಿಯಲ್ಲೇ ತಂದೆವು. ಅತ್ತೆ ಬಲಗೈಯನ್ನೇ ಎತ್ತಲು ನೋಡಿದರು. ಮಡಿಲಿನಿಂದ ಸ್ವಲ್ಪ ಮೇಲೆದ್ದಿತು, ನಡುಗಿತು. ಆತ ಬಗ್ಗಿ ಅದು ಇದ್ದಲ್ಲಿಗೇ ತಮ್ಮ ಕೈ ತಂದರು. “ಹೊತ್ತೊತ್ತಿಗೆ ಉಣ್ಣು,” ಅಂದರು ಅತ್ತೆ. ಇಡೀ ವಾಕ್ಯ. ಎಲ್ಲೂ ಎಡವಲಿಲ್ಲ.

ಏರ್‌ಪೋರ್ಟಿಗೆ ಇವರೇ ಬಿಟ್ಟುಬಂದರು. ವಿಮಾನ ಮೇಲೆ ಹೋಗುವ ತನಕ ಬೇಲಿಯ ಆಚೆ ರಸ್ತೆಯಲ್ಲಿ ನಿಂತಿದ್ದರಂತೆ. ಯಾವುದು ಅವರದೆಂದು ತಿಳಿಯದೆ, ಹೋದದ್ದಕ್ಕೆಲ್ಲ ಕೈಬೀಸಿದರಂತೆ.

1 ಜೂನ್, ಮಧ್ಯಾಹ್ನ

ಮೇಲಿನ ಮನೆ ತೊಳೆದೆ. ವಾಜಿದ್ ನಾಳೆ ಯಾರನ್ನೋ ಕರೆತರುತ್ತಾನೆ. ಇವರು ಬೇಡ ಎನ್ನುತ್ತಾರೆ, ಸ್ವಲ್ಪ ದಿನ ಖಾಲಿ ಇರಲಿ ಎನ್ನುತ್ತಾರೆ. ಅತ್ತೆಗೆ ಇವತ್ತು ಮುಖ ಸಪ್ಪಗೆ. ಊಟಕ್ಕೆ ಕರೆದರೆ ತಟ್ಟೆ ಪಕ್ಕಕ್ಕೆ ಸರಿಸುತ್ತಾರೆ. ಗೋಡೆ ಹಿಡಿದು ನಾಲ್ಕು ಹೆಜ್ಜೆ ಹಾಕಿ ಬಾಗಿಲ ತನಕ ಹೋಗುತ್ತಾರೆ, ಮತ್ತೆ ಬರುತ್ತಾರೆ. ಈಗ ಮಲಗಿದ್ದಾರೆ. ಸಂಜೆ ಹಲಸೂರು ಕೆರೆಯ ಕಡೆ ಆಟೋದಲ್ಲಿ ಒಂದು ಸುತ್ತು ಕರೆದುಕೊಂಡು ಹೋದರೆ ಹೇಗೆ ಎಂದು —

ಹೊರಗೆ ಏನೋ ಸದ್ದು. ಮೆಟ್ಟಿಲ ಮೇಲೆ ಕಾಲೆಳೆದ ಹಾಗೆ. ಮಂಚ ಖಾಲಿ ಇದೆ. ಕಿಟಕಿಯಿಂದ ಕಾಣುತ್ತಿದೆ, ಅತ್ತೆ! ಒಬ್ಬರೇ. ಆಗಲೇ ಅರ್ಧ ಹತ್ತಿದ್ದಾರೆ, ಕಣ್ಣು ಮೇಲಿನ ಮನೆಯ ಬಾಗಿಲ ಮೇಲೆ. ಕೂಗಿದರೆ ಬೆಚ್ಚಿ ಬಿದ್ದಾರು. ಕೂಗುವುದಿಲ್ಲ. ಬಲಗಾಲು ಎತ್ತುತ್ತಿದ್ದಾರೆ... ಇಟ್ಟರು. ಇನ್ನೊಂದು. ಪೆನ್ನು ಇಟ್ಟು ಸದ್ದಿಲ್ಲದೆ ಹಿಂದೆಯೇ ಹೋಗುತ್ತೇನೆ —